ಮಾರ್ಚ್ 31ರೊಳಗೆ 23 ಲಕ್ಷ ಖರ್ಚಾಗಬೇಕು: ನಿಮ್ಮ ಕಡೆ ಮ್ಯಾನೇಜರ್‌ಗಳು ಸಿಎಸ್‌ಆರ್ ಅಂದ್ರೆ ಏನು ಅಂದುಕೊಂಡಿದ್ದಾರೆ?

ಮಾಲೂರು ಎಚ್‌ಆರ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಾನು ಮಾಲೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ವಾಹನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಎಚ್‌ಆರ್ ಮತ್ತು ಅಡ್ಮಿನ್ ನೋಡಿಕೊಳ್ಳುತ್ತೇನೆ. ಕ್ಯಾಂಟೀನ್, ಬಸ್ಸು, ಸೆಕ್ಯೂರಿಟಿ, ಕಾಂಟ್ರಾಕ್ಟ್ ಹುಡುಗರ ಹಾಜರಿ, ಎಲ್ಲಾ ನನ್ನ ತಲೆ ಮೇಲೆ. ಮೂರು ವರ್ಷದ ಹಿಂದೆ ಇದರ ಜೊತೆ ಸಿಎಸ್‌ಆರ್, ಅಂದರೆ ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ಕೆಲಸ ಕೂಡ ಬಂತು. ನನ್ನನ್ನು ಯಾರೂ ಕೇಳಲಿಲ್ಲ. ಹಿಂದೆ ನೋಡುತ್ತಿದ್ದವರು ಕೆಲಸ ಬಿಟ್ಟರು, ಫೈಲು ನನ್ನ ಟೇಬಲ್ಲಿಗೆ ಬಂತು, ಅಷ್ಟೇ.

ಲೆಕ್ಕ ಗೊತ್ತಿಲ್ಲದವರಿಗೆ ಒಂದೆರಡು ಮಾತು. ವರ್ಷಕ್ಕೆ 5 ಕೋಟಿ ಲಾಭ, ಅಥವಾ 1,000 ಕೋಟಿ ವಹಿವಾಟು, ಅಥವಾ 500 ಕೋಟಿ ನಿವ್ವಳ ಆಸ್ತಿ, ಇವುಗಳಲ್ಲಿ ಒಂದು ದಾಟಿದರೂ ಸಾಕು. ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2% ಸಮಾಜದ ಕೆಲಸಕ್ಕೆ ಹಾಕಬೇಕು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್, ಜಾರಿಗೆ ಬಂದದ್ದು 2014ರ ಏಪ್ರಿಲ್‌ನಿಂದ. ನಮ್ಮ ಕಂಪನಿಯ ಸರಾಸರಿ 41 ಕೋಟಿ. ಹಾಗಾಗಿ 82 ಲಕ್ಷ. ಮೂರು ಪ್ಲಾಂಟ್ ಇವೆ. ನಮ್ಮ ಪಾಲಿನದ್ದು ಇನ್ನೂ 23 ಲಕ್ಷ ಉಳಿದಿದೆ.

ಹೋದ ವಾರ ಹೆಡ್ ಆಫೀಸಿನಿಂದ ಮೇಲ್ ಬಂತು. ಮಾರ್ಚ್ 31ರೊಳಗೆ ಮುಗಿಸಿ, ಬಿಲ್ಲು ಮತ್ತು ಫೋಟೋ ಕಳಿಸಿ. ನಮ್ಮ ಪ್ಲಾಂಟ್ ಹೆಡ್ ಮೇಲ್ ಓದಿ ಒಂದೇ ಮಾತು ಹೇಳಿದರು: "ಯಾವ್ದಾದ್ರೂ ಸ್ಕೂಲಿಗೆ ಪೇಂಟ್ ಹೊಡೆಸಪ್ಪ."

ಅವರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಲಾಕ್‌ಡೌನ್ ಟೈಮಲ್ಲಿ ಕಾಂಟ್ರಾಕ್ಟ್ ಹುಡುಗರಿಗೆ ಎರಡು ತಿಂಗಳು ರೇಷನ್ ಕೊಡಿಸಿದ ಮನುಷ್ಯ, ಅದೂ ಮೇಲಿನವರ ಹತ್ತಿರ ಜಗಳ ಆಡಿ. ಆದರೆ ಸಿಎಸ್‌ಆರ್ ಅಂದ ಕೂಡಲೇ ಅವರ ಮುಖ ಫೈರ್ ಡ್ರಿಲ್ ದಿನದ ಮುಖ ಆಗುತ್ತದೆ. ಮಾಡಬೇಕು, ಮಾಡಿ ಮುಗಿಸಬೇಕು, ರಿಜಿಸ್ಟರ್‌ನಲ್ಲಿ ಸಹಿ ಬೀಳಬೇಕು.

ನಾನೇನು ಸಾಚಾ ಅಲ್ಲ. ಮೊದಲ ವರ್ಷ ನಾನೂ ಹಾಗೇ ಮಾಡಿದೆ. ಪ್ಲಾಂಟಿನಿಂದ 4 ಕಿಲೋಮೀಟರ್ ದೂರದ ಒಂದು ಹಳ್ಳಿಗೆ ಫಿಲ್ಟರ್ ನೀರಿನ ಘಟಕ ಹಾಕಿಸಿದೆವು. ಕೋಲಾರದ ಕಡೆಯವರಿಗೆ ಹೇಳಬೇಕಾಗಿಲ್ಲ, ಬೋರ್ ಆಳಕ್ಕೆ ಹೋದಷ್ಟೂ ಫ್ಲೋರೈಡ್. ಆ ಊರಲ್ಲಿ ಮಕ್ಕಳ ಹಲ್ಲು ನೋಡಿದರೆ ಗೊತ್ತಾಗುತ್ತದೆ. 5 ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ನೀರು. ಉದ್ಘಾಟನೆಗೆ ಶಾಮಿಯಾನ, ಮೈಸೂರು ಪೇಟ, ಶಾಲು, ಫಲಕ. ಡೈರೆಕ್ಟರ್ ಒಬ್ಬರು ಬಂದು ಟೇಪು ಕತ್ತರಿಸಿ ಮೊದಲ ಲೋಟ ಕುಡಿದರು. ಆ ಫೋಟೋ ಈಗಲೂ ನಮ್ಮ ರಿಸೆಪ್ಶನ್‌ನಲ್ಲಿ ತೂಗುತ್ತಿದೆ.

ಮೊನ್ನೆ ಜನವರಿಯಲ್ಲಿ ಆ ಊರಿನ ಒಬ್ಬ ಹುಡುಗನ ಪೊಲೀಸ್ ವೆರಿಫಿಕೇಶನ್ ವಿಷಯಕ್ಕೆ ಅಲ್ಲಿಗೆ ಹೋಗಿದ್ದೆ. ಘಟಕದ ಶಟರ್ ಅರ್ಧ ಇಳಿದಿತ್ತು. ಒಳಗೆ ಹಸುವಿನ ಬೂಸಾ ಮೂಟೆಗಳು. ನೀರು ಸೋಸುವ ಮೆಂಬ್ರೇನ್ ಕಟ್ಟಿಕೊಂಡು ಹದಿನಾಲ್ಕು ತಿಂಗಳಾಯಿತಂತೆ. ಪಂಚಾಯಿತಿಯ ವಾಟರ್‌ಮ್ಯಾನ್ ಹೇಳಿದ್ದು: "ಸಾರ್, ನಿಮ್ಮ ಫಲಕದಲ್ಲಿ ಫೋನ್ ನಂಬರ್ ಇಲ್ಲ." ಹೌದು, ಇರಲಿಲ್ಲ. ಲೋಗೋ ಇತ್ತು.

ನಮ್ಮ ವಾರ್ಷಿಕ ವರದಿಯಲ್ಲಿ ಆ ಘಟಕ "ಪೂರ್ಣಗೊಂಡಿದೆ". ಸುಳ್ಳಲ್ಲ, ಪೂರ್ಣಗೊಂಡಿತ್ತು. ಆಮೇಲೆ ಏನಾಯಿತು ಅಂತ ಕೇಳುವ ಕಾಲಂ ನಮ್ಮ ಶೀಟಿನಲ್ಲಿ ಇಲ್ಲ. ಎಷ್ಟು ಮಂಜೂರು, ಎಷ್ಟು ಖರ್ಚು, ಎಷ್ಟು ಬಾಕಿ. ಮೂರೇ ಕಾಲಂ.

ನನ್ನ ಪ್ರಶ್ನೆ ಎರಡು. ಒಂದು, ನಿಮ್ಮ ಕಂಪನಿಗಳಲ್ಲಿ ಮ್ಯಾನೇಜರ್‌ಗಳು ಇದನ್ನು ನಿಜವಾಗಿ ಹೇಗೆ ನೋಡುತ್ತಾರೆ? ವೇದಿಕೆ ಮೇಲೆ ಹೇಳುವುದು ಬೇಡ, ಊಟದ ಟೇಬಲ್‌ನಲ್ಲಿ ಹೇಳುವುದು ಹೇಳಿ. ಎರಡು, ಈ 23 ಲಕ್ಷದಲ್ಲಿ ಸ್ವಲ್ಪ ಆ ಹಳೆಯ ಘಟಕದ ರಿಪೇರಿಗೆ, ಮುಂದಿನ ವರ್ಷಗಳ ಮೇಂಟೆನೆನ್ಸ್‌ಗೆ ಇಡಬಹುದಾ? ನಮ್ಮ ಫೈನಾನ್ಸ್‌ನವರು "ಈ ವರ್ಷದ ದುಡ್ಡು ಈ ವರ್ಷವೇ ಮುಗಿಯಬೇಕು" ಅಂತ ಪಟ್ಟು ಹಿಡಿದಿದ್ದಾರೆ.

ಲಾಸ್ಟ್ ಬೆಂಚ್

ಇಷ್ಟೆಲ್ಲಾ ಯಾಕೆ ಗುರು. ಸುಮ್ನೆ ಪಿಎಂ ಕೇರ್ಸ್‌ಗೆ ಹಾಕಿ ರಸೀದಿ ತಗೊಂಡು ಮಲ್ಕೊಳ್ಳಿ. ಅದೂ ಸಿಎಸ್‌ಆರ್ ಲೆಕ್ಕಕ್ಕೆ ಬರುತ್ತೆ. ನಮ್ಮ ಬಾಸ್ ಹೋದ ವರ್ಷ ಹಂಗೇ ಮಾಡಿದ್ದು.

ಪೀಣ್ಯ ಸಿಎಸ್

ಲಾಸ್ಟ್ ಬೆಂಚ್ ಅವರು ಹೇಳಿದ್ದು ಕಾನೂನಿನ ಪ್ರಕಾರ ಸರಿ. ಎಷ್ಟೋ ಕಂಪನಿಗಳು ಮಾರ್ಚ್ ಕೊನೆಯಲ್ಲಿ ಮಾಡುವುದೂ ಅದನ್ನೇ. ಆದರೆ ಮಾಲೂರು ಅವರ ಫೈನಾನ್ಸ್‌ನವರು ಹೇಳುತ್ತಿರುವುದು ಪೂರ್ತಿ ಸರಿ ಅಲ್ಲ.

ನಾನು ಕಂಪನಿ ಸೆಕ್ರೆಟರಿ. ಬೋರ್ಡ್ ಮೀಟಿಂಗ್‌ನಲ್ಲಿ ಮಿನಿಟ್ಸ್ ಬರೆಯುವವಳು. ಹಾಗಾಗಿ ಮೊದಲ ಪ್ರಶ್ನೆಗೆ ನನ್ನ ಕಡೆಯಿಂದ ಕಾಣುವ ಉತ್ತರ ಮೊದಲು. 2021ಕ್ಕೆ ಮುಂಚೆ ಖರ್ಚು ಮಾಡದಿದ್ದರೆ ಡೈರೆಕ್ಟರ್‌ಗಳ ವರದಿಯಲ್ಲಿ ಕಾರಣ ಬರೆದರೆ ಸಾಕಿತ್ತು. ಆಗ ನನ್ನ ಮುಖ್ಯ ಕೆಲಸವೇ ಕಾರಣ ಹುಡುಕುವುದು. "ಸೂಕ್ತ ಯೋಜನೆಗಳನ್ನು ಗುರುತಿಸಲಾಗುತ್ತಿದೆ" ಅನ್ನುವ ಸಾಲನ್ನು ನಾಲ್ಕು ವರ್ಷ ಹಾಗೇ ಇಟ್ಟು ದಿನಾಂಕ ಮಾತ್ರ ಬದಲಾಯಿಸಿದ್ದೇನೆ. 2021ರ ಜನವರಿ 22ರಂದು ಹೊಸ ನಿಯಮ ಬಂತು. ಈಗ ಉಳಿದ ದುಡ್ಡು ಕಂಪನಿಯಲ್ಲಿ ಕೂರುವ ಹಾಗಿಲ್ಲ. ತಪ್ಪಿದರೆ ಆ ಮೊತ್ತದ ಎರಡರಷ್ಟು ಅಥವಾ 1 ಕೋಟಿ, ಯಾವುದು ಕಡಿಮೆಯೋ ಅದು ಕಂಪನಿಗೆ ದಂಡ. ಹೊಣೆ ಇರುವ ಅಧಿಕಾರಿಗೂ ಹತ್ತನೇ ಒಂದು ಭಾಗ ಅಥವಾ 2 ಲಕ್ಷ, ಅಲ್ಲೂ ಕಡಿಮೆಯದ್ದು. ಆ 2 ಲಕ್ಷ ನೋಡಿ, ಅದು ಸ್ವಂತ ಜೇಬಿನಿಂದ ಹೋಗುವ ಲೆಕ್ಕ. ಅವತ್ತಿನಿಂದ ಎಲ್ಲರೂ ಶ್ರದ್ಧೆಯಿಂದ ಸಿಎಸ್‌ಆರ್ ಪ್ರೆಸೆಂಟೇಶನ್ ನೋಡುತ್ತಾರೆ.

ನಮ್ಮ ಸಿಎಫ್‌ಒ, ಅಂದರೆ ಫೈನಾನ್ಸ್ ಮುಖ್ಯಸ್ಥರು, ಇದನ್ನು ಟ್ಯಾಕ್ಸ್ ಅಂತಲೇ ಕರೆಯುತ್ತಾರೆ. ಅವರ ಸಿಟ್ಟಿಗೆ ಕಾರಣ ಇಲ್ಲದೇ ಇಲ್ಲ. ಈ ಖರ್ಚನ್ನು ಬಿಸಿನೆಸ್ ಖರ್ಚು ಅಂತ ಇನ್‌ಕಮ್ ಟ್ಯಾಕ್ಸ್‌ನಲ್ಲಿ ಕಳೆಯುವ ಹಾಗಿಲ್ಲ. 2023ರ ಅಕ್ಟೋಬರ್‌ನಿಂದ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಕೂಡ ಇಲ್ಲ. ನೀವು ಸ್ಕೂಲಿಗೆ ತಂದ ಪೇಂಟ್ ಮೇಲಿನ ಜಿಎಸ್‌ಟಿ ಹೋಯಿತು ಅಂತಲೇ ಲೆಕ್ಕ.

ಈಗ ಎರಡನೆಯ ಪ್ರಶ್ನೆ. "ಚಾಲ್ತಿಯಲ್ಲಿರುವ ಯೋಜನೆ" ಅಂತ ಒಂದು ದಾರಿ ಇದೆ. ಯೋಜನೆ ಶುರುವಾದ ವರ್ಷ ಬಿಟ್ಟು ಮುಂದಿನ ಮೂರು ವರ್ಷದವರೆಗೆ ನಡೆಯಬಹುದು. ಈ ವರ್ಷ ಉಳಿದ ದುಡ್ಡನ್ನು ಏಪ್ರಿಲ್ 30ರೊಳಗೆ ಬ್ಯಾಂಕಿನಲ್ಲಿ ಪ್ರತ್ಯೇಕ ಖಾತೆ ತೆರೆದು ಅಲ್ಲಿಗೆ ಹಾಕಬೇಕು. ಮೂರು ವರ್ಷದಲ್ಲಿ ಖರ್ಚಾಗದಿದ್ದರೆ ಸರ್ಕಾರ ಹೇಳಿದ ನಿಧಿಗೆ ಹೋಗುತ್ತದೆ. ಆದರೆ ಮಾರ್ಚ್ 31ರೊಳಗೆ ಸಿಎಸ್‌ಆರ್ ಕಮಿಟಿ ಶಿಫಾರಸು ಮಾಡಿ, ಬೋರ್ಡ್ ಒಪ್ಪಿ, ಕೆಲಸ ನಿಜವಾಗಿ ಶುರುವಾಗಿರಬೇಕು. ವಾರ್ಷಿಕ ಯೋಜನೆಯನ್ನು ಮಧ್ಯದಲ್ಲಿ ಬದಲಾಯಿಸಬಹುದು, ಕಾರಣ ಬರೆಯಬೇಕು ಅಷ್ಟೇ. ಸಿಎಸ್‌ಆರ್‌ಗೆ ಒಪ್ಪುವ ಕೆಲಸಗಳ ಪಟ್ಟಿ ಕಾಯ್ದೆಯ 7ನೇ ಶೆಡ್ಯೂಲಿನಲ್ಲಿದೆ, ಕುಡಿಯುವ ನೀರು ಅದರಲ್ಲಿ ಸ್ಪಷ್ಟವಾಗಿ ಇದೆ. ರಿಪೇರಿ ಮಾಡಬಾರದು, ಹೊಸದೇ ಕಟ್ಟಬೇಕು ಅಂತ ಎಲ್ಲೂ ಬರೆದಿಲ್ಲ.

ಇನ್ನೊಂದು. ನಿಮ್ಮ ಘಟಕ ಅನಾಥ ಆಗಿದ್ದಕ್ಕೆ ನಿಯಮದ್ದೂ ಸ್ವಲ್ಪ ಪಾಲಿದೆ. ಸಿಎಸ್‌ಆರ್ ದುಡ್ಡಲ್ಲಿ ಕಟ್ಟಿದ ಆಸ್ತಿ ಕಂಪನಿ ಹೆಸರಲ್ಲಿ ಇರುವ ಹಾಗಿಲ್ಲ. ಟ್ರಸ್ಟ್, ಫಲಾನುಭವಿಗಳ ಸಂಘ ಅಥವಾ ಸರ್ಕಾರಿ ಸಂಸ್ಥೆ ಹೆಸರಿಗೆ ಹೋಗಬೇಕು. ಕಂಪನಿಯವರು ಆಸ್ತಿ ಲಪಟಾಯಿಸಬಾರದು ಅಂತ ಮಾಡಿದ್ದು. ಒಳ್ಳೆಯದೇ. ಆದರೆ ಹ್ಯಾಂಡೋವರ್ ಲೆಟರ್‌ಗೆ ಸಹಿ ಬಿದ್ದ ದಿನ ಮ್ಯಾನೇಜರ್ ಮನಸ್ಸಿನಿಂದಲೂ ಅದು ಹ್ಯಾಂಡೋವರ್ ಆಗಿಬಿಡುತ್ತದೆ.

ಮಾಲೂರು ಎಚ್‌ಆರ್

ಮೇಡಂ, ತುಂಬಾ ಥ್ಯಾಂಕ್ಸ್. ಏಪ್ರಿಲ್ 30ರ ವಿಷಯ ನಮ್ಮ ಫೈನಾನ್ಸ್‌ನವರಿಗೆ ಗೊತ್ತಿತ್ತಂತೆ. "ಆ ಖಾತೆ ತೆರೆದರೆ ಮೂರು ವರ್ಷ ರಿಪೋರ್ಟ್ ಮಾಡ್ತಾ ಕೂರಬೇಕಲ್ವಾ, ಅದಕ್ಕೇ ಹೇಳಲಿಲ್ಲ" ಅಂದರು. ಏನು ಹೇಳಬೇಕೋ ಗೊತ್ತಾಗಲಿಲ್ಲ.

ರಿಟೈರ್ಡ್ ಪ್ಲಾಂಟ್ ಹೆಡ್

ನಾನು 31 ವರ್ಷ ಹೊಸೂರು ರಸ್ತೆ ಪಟ್ಟಿಯ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವನು. ಕೊನೆಯ ಒಂಬತ್ತು ವರ್ಷ ಪ್ಲಾಂಟ್ ಹೆಡ್. "ಯಾವ್ದಾದ್ರೂ ಸ್ಕೂಲಿಗೆ ಪೇಂಟ್ ಹೊಡೆಸಪ್ಪ" ಅಂದವನು ನಾನೂ ಹೌದು. ಆದ್ದರಿಂದ ಆ ಕುರ್ಚಿಯಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ತಿಂಗಳ ರಿವ್ಯೂ ಮೀಟಿಂಗ್‌ನಲ್ಲಿ ನಲವತ್ತು ಸ್ಲೈಡ್. ಉತ್ಪಾದನೆ, ರಿಜೆಕ್ಷನ್, ಡಿಸ್ಪ್ಯಾಚ್, ಅಪಘಾತ, ಕರೆಂಟು, ಓವರ್‌ಟೈಮ್. ಸಿಎಸ್‌ಆರ್ 38ನೆಯದು. ಅಲ್ಲಿಗೆ ಬರುವ ಹೊತ್ತಿಗೆ ಎಂಡಿಗೆ ಫ್ಲೈಟ್ ಟೈಮಾಗಿರುತ್ತದೆ. ನನ್ನ ಇನ್‌ಕ್ರಿಮೆಂಟ್ ಯಾವತ್ತೂ ಆ ಸ್ಲೈಡಿನಿಂದ ಜಾಸ್ತಿಯಾಗಲಿಲ್ಲ, ಕಡಿಮೆಯೂ ಆಗಲಿಲ್ಲ.

ಮ್ಯಾನೇಜ್‌ಮೆಂಟ್ ಓದುವಾಗ ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ನ್ಯೂಯಾರ್ಕ್ ಟೈಮ್ಸ್ ಮ್ಯಾಗಜೀನ್‌ಗೆ ಬರೆದ ಲೇಖನ ಓದಿಸಿದ್ದರು. ನಿಯಮ ಮೀರದೆ ಲಾಭ ಮಾಡುವುದೇ ಬಿಸಿನೆಸ್ಸಿನ ಸಾಮಾಜಿಕ ಹೊಣೆ, ಮ್ಯಾನೇಜರ್ ದಾನ ಮಾಡುವುದು ತನ್ನದಲ್ಲದ ದುಡ್ಡನ್ನು ಅಂತ ಅವರ ವಾದ. ಆಗ ನನಗೆ ಬಹಳ ಸರಿ ಅನ್ನಿಸಿತ್ತು. ಈಗ ಅರ್ಧ ಸರಿ ಅನ್ನಿಸುತ್ತದೆ. ನನ್ನದಲ್ಲದ ದುಡ್ಡು ಅಂತಲೇ ನಾನು ಅಷ್ಟು ಉದಾಸೀನ ಮಾಡಿದ್ದು. ಮನೆಗೆ ಫಿಲ್ಟರ್ ಹಾಕಿಸಿದ್ದರೆ ಹದಿನಾಲ್ಕು ತಿಂಗಳು ಕೆಟ್ಟು ಕೂರಲು ಬಿಡುತ್ತಿದ್ದೆನಾ?

ಊಟದ ಟೇಬಲ್ ಮಾತು ಕೇಳಿದ್ದೀರಿ. ನಮ್ಮ ಟೇಬಲ್‌ನಲ್ಲಿ ಸಿಎಸ್‌ಆರ್ ಅಂದರೆ ಗೇಟಿನ ಶಾಂತಿ. ಊರಿನವರು ಗೇಟ್ ಮುಂದೆ ಕೂರಬಾರದು. ಲೋಕಲ್ ಹುಡುಗರಿಗೆ ಕೆಲಸ ಕೊಡಿ ಅಂತ ಗಲಾಟೆ ಆದ ಮುಂದಿನ ತಿಂಗಳೇ ನಮ್ಮಲ್ಲಿ ನೋಟ್‌ಬುಕ್ ಹಂಚಿಕೆ ಆಗುತ್ತಿತ್ತು. ಲೆಟರ್‌ಹೆಡ್ ಹಿಡಿದು ಬರುವ ರಾಜಕೀಯದವರು ಬೇರೆ. ಒಬ್ಬರಿಗೆ ಬಸ್ ಶೆಲ್ಟರ್, ಇನ್ನೊಬ್ಬರಿಗೆ ಹೈಮಾಸ್ಟ್ ಲೈಟ್. ಗಣೇಶನ ಚಂದಾ ಮಾತ್ರ ಸಿಎಸ್‌ಆರ್‌ಗೆ ಸೇರಿಸಲು ಆಗುತ್ತಿರಲಿಲ್ಲ, ಅದನ್ನು ಇತರೆ ಖರ್ಚಿಗೆ ತಳ್ಳುತ್ತಿದ್ದೆವು.

ಒಂದು ಪ್ರಸಂಗ ಹೇಳಬೇಕು. ಒಂದು ವರ್ಷ ಪಕ್ಕದ ಊರಿನ ಹೆಂಗಸರು ಬಂದರು. ನಾನು ಎಂದಿನಂತೆ "ಏನು ಬೇಕಮ್ಮ, ಬೆಂಚಾ, ಕಂಪ್ಯೂಟರಾ?" ಅಂದೆ. ಅವರಲ್ಲಿ ಒಬ್ಬರು, "ಏನೂ ಬೇಡ ಸ್ವಾಮಿ. ಬೆಳಗ್ಗೆ ಎಂಟೂವರೆಯಿಂದ ಒಂಬತ್ತೂವರೆ ತನಕ ನಿಮ್ಮ ಲಾರಿ ಬಿಡಬೇಡಿ. ಮಕ್ಕಳು ಸ್ಕೂಲಿಗೆ ಹೋಗೋ ಹೊತ್ತು" ಅಂದರು. ಡಿಸ್ಪ್ಯಾಚ್‌ನವರು ಕುಣಿದಾಡಿದರು. ಎರಡು ವಾರ ಲೋಡಿಂಗ್ ಟೈಮ್ ಹಿಂದೆ ಮುಂದೆ ಮಾಡಿ ಸರಿಹೊಂದಿಸಿದೆವು. ಖರ್ಚು ಸೊನ್ನೆ. ಒಂಬತ್ತು ವರ್ಷದಲ್ಲಿ ಆ ಊರಿನವರು ನನ್ನನ್ನು ನೆನೆಸಿಕೊಳ್ಳುವ ಕೆಲಸ ಅದೊಂದೇ. ಅದು ಯಾವ ಸಿಎಸ್‌ಆರ್ ವರದಿಯಲ್ಲೂ ಇಲ್ಲ. ಬರುವ ಹಾಗೂ ಇಲ್ಲ, ದಿನನಿತ್ಯದ ವ್ಯವಹಾರಕ್ಕೆ ಸೇರಿದ್ದು ಸಿಎಸ್‌ಆರ್ ಅಲ್ಲ ಅಂತ ನಿಯಮವೇ ಇದೆ.

ದೊಡ್ಡ ಕೆಲಸ ಆಗುವುದೇ ಇಲ್ಲ ಅಂತಲ್ಲ. ಆನೇಕಲ್ ಕಡೆಯ ಕ್ಯಾಲಸನಹಳ್ಳಿ ಕೆರೆ ಹೋಗಿ ನೋಡಿ. 36 ಎಕರೆ, ಒಣಗಿ ಬಿದ್ದಿತ್ತು. 2017ರಲ್ಲಿ ಸನ್‌ಸೇರಾ ಕಂಪನಿಯ ಸಿಎಸ್‌ಆರ್ ದುಡ್ಡಿನಲ್ಲಿ ಹೂಳು ತೆಗೆಸಿದರು. ಅವರದೂ ನಿಮ್ಮ ಹಾಗೆ ಬಿಡಿಭಾಗದ ಕಂಪನಿಯೇ. ಮುಂದೆ ನಿಂತು ಮಾಡಿಸಿದ್ದು ಅಲ್ಲೇ ಕೆಲಸದಲ್ಲಿದ್ದ ಎಂಜಿನಿಯರ್ ಆನಂದ್ ಮಲ್ಲಿಗವಾಡ. ದುಡ್ಡು ಕೊಟ್ಟ ಕಂಪನಿಗಳು ಬೇಕಾದಷ್ಟಿವೆ. ಜೆಸಿಬಿ ಪಕ್ಕದಲ್ಲಿ ನಿಲ್ಲಲು ತನ್ನ ಮನುಷ್ಯನನ್ನು ಬಿಟ್ಟುಕೊಟ್ಟ ಕಂಪನಿ ನಾನು ಕಂಡಿದ್ದು ಕಡಿಮೆ. ನಾನಂತೂ ನನ್ನ ಎಂಜಿನಿಯರ್‌ನನ್ನು ಒಂದು ವಾರಕ್ಕೂ ಬಿಡುತ್ತಿರಲಿಲ್ಲ.

ಎಚ್‌ಎಂ ಮೇಡಂ

ಇಷ್ಟು ಹೊತ್ತು ಪೇಂಟ್ ಹೊಡೆಸುವವರ ಮಾತು ಕೇಳಿದೆ. ಈಗ ಪೇಂಟ್ ಹೊಡೆಸಿಕೊಂಡವರ ಮಾತೂ ಕೇಳಿ.

ನಮ್ಮದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, 212 ಮಕ್ಕಳು. ಹೆದ್ದಾರಿಗೆ ಹತ್ತಿರ, ಕಾರು ಸಲೀಸಾಗಿ ಬರುತ್ತದೆ. ಹಾಗಾಗಿ ನಾವು ಬಹಳ ಅದೃಷ್ಟವಂತರು! ಐದು ವರ್ಷದಲ್ಲಿ ಮೂರು ಕಂಪನಿಯವರು ಒಂದೇ ಕಾಂಪೌಂಡಿಗೆ ಪೇಂಟ್ ಹೊಡೆಸಿದ್ದಾರೆ. ರೈಲು ಡಬ್ಬಿ ಚಿತ್ರದ ಮೇಲೆ ವಾರ್ಲಿ ಚಿತ್ರ, ಅದರ ಮೇಲೆ ಸೌರಮಂಡಲ. ಒಳಗೆ 2 ಕಿಲೋಮೀಟರ್ ಇರುವ ಶಾಲೆಯಲ್ಲಿ ಚಾವಣಿ ಸೋರುತ್ತದೆ. ಅಲ್ಲಿಗೆ ಯಾರೂ ಹೋಗುವುದಿಲ್ಲ.

ಪ್ರತಿ ಸಲ ಹಸ್ತಾಂತರ ಕಾರ್ಯಕ್ರಮ. ಹತ್ತು ಗಂಟೆಗೆ ಅಂದವರು ಹನ್ನೆರಡೂಕಾಲಕ್ಕೆ ಬರುತ್ತಾರೆ. ಮಕ್ಕಳು ಸ್ವಾಗತ ನೃತ್ಯದ ಬಟ್ಟೆ ಹಾಕಿಕೊಂಡು ಕಾಯುತ್ತಾ ಇರುತ್ತಾರೆ, ಬಿಸಿಯೂಟ ಆರುತ್ತಾ ಇರುತ್ತದೆ. ಒಮ್ಮೆ ಬ್ಯಾಗ್ ಕೊಡುವ ಫೋಟೋ ಸರಿ ಬರಲಿಲ್ಲ ಅಂತ ಒಂದು ಮಗುವಿನ ಕೈಯಿಂದ ಬ್ಯಾಗ್ ವಾಪಸ್ ತಗೊಂಡು ಮತ್ತೆ ಕೊಟ್ಟರು. ಆ ಮಗು ತನ್ನ ಬ್ಯಾಗ್ ಕಿತ್ತುಕೊಂಡರು ಅಂತ ಅತ್ತುಬಿಟ್ಟಿತು.

ಹೋದ ವರ್ಷ ಬಂದ ಮ್ಯಾನೇಜರ್ "ಮೇಡಂ, ನಿಮಗೇನು ಬೇಕು?" ಅಂತ ಕೇಳಿದರು. ಕೇಳಿದ ಮೊದಲನೆಯವರು ಅವರೇ. ಶೌಚಾಲಯ ತೊಳೆಯಲು ಒಬ್ಬರು ಬೇಕು ಸರ್ ಅಂದೆ. ದಿನಕ್ಕೆ ಎರಡು ಗಂಟೆ ಸಾಕು. ಶೌಚಾಲಯ ಇದೆ, ಚೆನ್ನಾಗಿಯೇ ಕಟ್ಟಿಕೊಟ್ಟಿದ್ದಾರೆ, ಅದೂ ಒಂದು ಕಂಪನಿಯದ್ದೇ. ತೊಳೆಯುವವರಿಲ್ಲದೆ ಒಂದಕ್ಕೆ ಬೀಗ. ಆರು ಏಳನೇ ಕ್ಲಾಸಿನ ಹೆಣ್ಣುಮಕ್ಕಳು ಬೆಳಗ್ಗೆಯಿಂದ ನೀರೇ ಕುಡಿಯುವುದಿಲ್ಲ, ಶೌಚಾಲಯಕ್ಕೆ ಹೋಗಬೇಕಾಗುತ್ತದೆ ಅಂತ. ಅವರು ಪಾಪ ಬರೆದುಕೊಂಡರು. ತಿಂಗಳ ಮೇಲೆ ಫೋನ್ ಮಾಡಿ, "ಸಂಬಳ ಕೊಡೋದಕ್ಕೆ ನಮ್ಮಲ್ಲಿ ಅವಕಾಶ ಇಲ್ಲ ಮೇಡಂ, ಸ್ಮಾರ್ಟ್ ಟಿವಿ ಆಗಬಹುದಾ?" ಅಂದರು. ಟಿವಿ ಬಂತು. ಕಳ್ಳತನ ಆಗಬಾರದು ಅಂತ ನನ್ನ ರೂಮಿನ ಬೀರುವಿನಲ್ಲಿ ಇದೆ.

ಸಿಎಸ್ ಮೇಡಂ, ನಿಜವಾಗಿ ಅವಕಾಶ ಇಲ್ಲವಾ?

ಪೀಣ್ಯ ಸಿಎಸ್

ಇದೆ ಮೇಡಂ. ನೈರ್ಮಲ್ಯ, ಶಿಕ್ಷಣ ಎರಡೂ ಶೆಡ್ಯೂಲಿನಲ್ಲಿ ಇವೆ. ಆ ಪಟ್ಟಿಯನ್ನು ಉದಾರವಾಗಿ ಓದಿ ಅಂತ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯವೇ 2014ರ ಜೂನ್‌ನಲ್ಲಿ ಸುತ್ತೋಲೆ ಕಳಿಸಿದೆ. ಆಡಳಿತ ವೆಚ್ಚಕ್ಕೆ 5% ಮಿತಿ ಇದೆ ನಿಜ. ಆದರೆ ಅದು ಕಂಪನಿಯೊಳಗೆ ಸಿಎಸ್‌ಆರ್ ವಿಭಾಗ ನಡೆಸುವ ಖರ್ಚಿಗೆ. ಶಾಲೆಯಲ್ಲಿ ಶೌಚಾಲಯ ತೊಳೆಯುವವರ ಕೂಲಿ ಯೋಜನೆಯ ಖರ್ಚು. ಕಂಪನಿ ನೇರವಾಗಿ ಮಾಡಬಹುದು, ಇಲ್ಲ ಸಿಎಸ್‌ಆರ್-1 ನೋಂದಣಿ (ಸಿಎಸ್‌ಆರ್ ಕೆಲಸ ಮಾಡಲು ಸರ್ಕಾರದಲ್ಲಿ ಮಾಡಿಸುವ ನೋಂದಣಿ) ಇರುವ ಟ್ರಸ್ಟ್ ಮೂಲಕ ಮಾಡಿಸಬಹುದು. ಅವರು ನಿಮಗೆ ಸುಳ್ಳು ಹೇಳಿರಲಿಕ್ಕಿಲ್ಲ. ಅವರ ಫೈನಾನ್ಸ್‌ನವರು ಅವರಿಗೆ ಹಾಗೆ ಹೇಳಿರುತ್ತಾರೆ. ಟಿವಿಗೆ ಒಂದು ಬಿಲ್ಲು, ಒಂದು ಸಹಿ. ಕೂಲಿಗೆ ಮೂವತ್ತಾರು ತಿಂಗಳು ಮೂವತ್ತಾರು ವೋಚರ್.

ಮಾಲೂರು ಎಚ್‌ಆರ್

ಎರಡು ವಾರ ಆದಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಈ ಚರ್ಚೆಯ ಪ್ರಿಂಟ್ ತೆಗೆದು ಪ್ಲಾಂಟ್ ಹೆಡ್ ಟೇಬಲ್ ಮೇಲೆ ಇಟ್ಟೆ. ಅವರ ಬಗ್ಗೆ ನಾನು ಬರೆದ ಪ್ಯಾರಾ ತೆಗೆದೇ ಇಟ್ಟೆ, ಅಷ್ಟು ಧೈರ್ಯ ಇಲ್ಲ. ರಿಟೈರ್ಡ್ ಸರ್ ಲಾರಿ ಕಥೆ ಅವರು ಎರಡು ಸಲ ಓದಿದರು. "ನಮ್ಮ ಲಾರಿ ಎಷ್ಟೊತ್ತಿಗೆ ಹೋಗುತ್ತೆ?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಡಿಸ್ಪ್ಯಾಚ್‌ಗೆ ಫೋನ್ ಮಾಡಿದರು. ಎಂಟೂಮುಕ್ಕಾಲಿಗೆ.

ನೀರಿನ ಘಟಕದ್ದು ಆಯಿತು. ಹೊಸ ಮೆಂಬ್ರೇನ್, ಪಂಪು, ಮೂರು ವರ್ಷದ ಸರ್ವೀಸ್ ಕಾಂಟ್ರಾಕ್ಟ್, ಆರು ತಿಂಗಳಿಗೊಮ್ಮೆ ನೀರಿನ ಪರೀಕ್ಷೆ. ಜೊತೆಗೆ ಹತ್ತಿರದ ನಾಲ್ಕು ಶಾಲೆಗಳ ಶೌಚಾಲಯ ತೊಳೆಯಲು ಇಬ್ಬರು ಹೆಂಗಸರು, ಅದೂ ಮೂರು ವರ್ಷಕ್ಕೆ. ಎಲ್ಲಾ ಸೇರಿ 15 ಲಕ್ಷದ ಎಸ್ಟಿಮೇಟ್. ಕಮಿಟಿ ಶಿಫಾರಸು ಮಾಡಿತು, ಬೋರ್ಡ್ ಮೀಟಿಂಗ್ 24ಕ್ಕೆ. ಮೆಂಬ್ರೇನ್ ಆರ್ಡರ್ ರೆಡಿ ಮಾಡಿ ಇಟ್ಟಿದ್ದೇನೆ, ಒಪ್ಪಿಗೆ ಬಂದ ದಿನವೇ ಹೋಗುತ್ತದೆ. ಮೇಡಂ ಹೇಳಿದ ಹಾಗೆ ಕೆಲಸ 31ರೊಳಗೆ ಶುರುವಾಗಬೇಕಲ್ಲ.

ಹೆಡ್ ಆಫೀಸಿನವರಿಗೆ ಒಂದೇ ತಕರಾರು. "ಹಳೆಯ ಘಟಕ ಅಂದಮೇಲೆ ಉದ್ಘಾಟನೆ ಹೇಗೆ? ಫೋಟೋ ಏನು ಹಾಕೋದು?" ಕೊನೆಗೆ ಉಳಿದ 8 ಲಕ್ಷದಲ್ಲಿ ಒಂದು ಸ್ಕೂಲಿಗೆ ಪೇಂಟ್ ಹೊಡೆಸುವುದು ಅಂತ ತೀರ್ಮಾನ ಆಯಿತು. ಒಂದು ಮಾತಿಗೆ ಮಾತ್ರ ಹಟ ಹಿಡಿದು ಒಪ್ಪಿಸಿದೆ: ಪೇಂಟ್‌ಗೆ ಮುಂಚೆ ಚಾವಣಿ ರಿಪೇರಿ. ಎಚ್‌ಎಂ ಮೇಡಂ, ನಿಮ್ಮದು ಯಾವ ತಾಲ್ಲೂಕು ಗೊತ್ತಿಲ್ಲ. ನಾವು ಆರಿಸಿದ್ದು ರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ ಇರುವ ಶಾಲೆ. ಡೈರೆಕ್ಟರ್ ಅವರ ಕಾರು ಕೊನೆಯ ಅರ್ಧ ಕಿಲೋಮೀಟರ್ ಹೋಗಲ್ಲ. ಆ ವಿಷಯ ಇನ್ನೂ ಯಾರಿಗೂ ಹೇಳಿಲ್ಲ.

ಫಲಕದಲ್ಲಿ ಈ ಸಲ ನನ್ನ ಡೆಸ್ಕಿನ ಫೋನ್ ನಂಬರ್ ಹಾಕಿಸಿದ್ದೇನೆ. ಲೋಗೋ ಸ್ವಲ್ಪ ಚಿಕ್ಕದು ಮಾಡಬೇಕಾಯಿತು, ಅದಕ್ಕೆ ಮಾರ್ಕೆಟಿಂಗ್‌ನವರ ಹತ್ತಿರ ಮೂರು ಮೇಲ್.